ಎರಡನೇ ಗುಂಡಿಯ ಹಸಿರು ದಾರ

"ಬೇರೆ ಯಾರೂ ಇಲ್ವಾ ಅಂಗಡೀಲಿ?"

ಲೇಸು ಕೊಳ್ಳಲು ಬಂದ ಹೆಂಗಸು ಉಂಗುರದ ಬೆರಳಿನಿಂದ ಕೌಂಟರಿನ ಗಾಜಿನ ಮೇಲೆ ಟಕ್ ಟಕ್ ಎಂದು ಬಡಿದಳು.

ಗುಬ್ಬಿ ತಲೆ ಎತ್ತಲಿಲ್ಲ. ಆ ಸದ್ದು ಅವಳಿಗೆ ತನ್ನ ಹಲ್ಲಿನೊಳಗೇ ಬಡಿದ ಹಾಗಾಗುತ್ತಿತ್ತು.

"ನಾನಿದೀನಿ," ಎಂದಳು.

"ನೀನಿರೋದು ಕಾಣುತ್ತಮ್ಮ. ಸರಿಯಾಗಿರೋರು ಯಾರಾದ್ರೂ ಇದಾರಾ ಅಂತ ಕೇಳಿದ್ದು! ಮುಖ ನೋಡಿ ಮಾತಾಡಲ್ಲ, ಒಂದು ನಗು ಇಲ್ಲ. ಲೇಸು ಕೊಡು ಅಂದ್ರೆ ಬೇಡ ಅಂತೀಯ!"

"ಒಗೆದ್ರೆ ಕೆಂಪು ಬಣ್ಣ ಬಿಡುತ್ತೆ. ನಿಮ್ದು ಬಿಳಿ ಫ್ರಾಕ್. ಹಾಳಾಗುತ್ತೆ. ನಾನು ಒಗೆದು ನೋಡಿದೀನಿ."

"ನಂಗೇ ಬುದ್ಧಿ ಹೇಳ್ತೀಯಾ?"

ಆಗ ಬಾಗಿಲ ಕಡೆಯಿಂದ ಒಂದು ಧ್ವನಿ ಬಂತು. "ಅಮ್ಮಾ, ಅವರು ನಿಮ್ಮ ಫ್ರಾಕ್ ಉಳಿಸ್ತಾ ಇದಾರೆ. ಬೈಯೋದಿದ್ರೆ ಲೇಸಿಗೆ ಬೈರಿ."

ಹೆಂಗಸು ಉರಿದುಹೋದಳು. "ಓಹೋ, ವಕೀಲರು ಬೇರೆ!" ಎನ್ನುತ್ತಾ ದಡದಡ ಮೆಟ್ಟಿಲಿಳಿದು ಹೋದಳು.

ಧ್ವನಿಯ ಒಡೆಯ ಬಸ್ ಡ್ರೈವರ್. ಎದುರಿನ ನಿಲ್ದಾಣದಲ್ಲಿ ಅವನ ಬಸ್ಸಿಗೆ ಇಪ್ಪತ್ತು ನಿಮಿಷ ಬಿಡುವು. ನೀಲಿ ಯೂನಿಫಾರ್ಮ್ ಅಂಗಿಯನ್ನು ಎದೆಯ ಮೇಲೆ ಒಂದು ಕೈಯಿಂದ ಮುಚ್ಚಿ ಹಿಡಿದು ನಿಂತಿದ್ದ.

"ಗುಂಡಿ ಕಿತ್ತುಹೋಯ್ತು. ಎರಡನೇದು."

ಗುಬ್ಬಿ ಡಬ್ಬಿಯೊಂದರಲ್ಲಿ ಕೈಯಾಡಿಸಿ, ಕಣ್ಣಿನಿಂದಲ್ಲ ಬೆರಳಿನಿಂದಲೇ ಹುಡುಕಿ, ಅದೇ ಅಳತೆಯ ಗುಂಡಿ ತೆಗೆದಳು. ನೀಲಿ ದಾರ ಮುಗಿದಿತ್ತು. ಹಸಿರು ಪೋಣಿಸಿದಳು.

"ಅಲ್ಲಾಡಬೇಡಿ."

ಅವನು ಉಸಿರನ್ನೂ ಹಿಡಿದು ನಿಂತ. ಬೇರೆಯವರಾದರೆ ಇಷ್ಟು ಹೊತ್ತಿಗೆ ನೂರು ಪ್ರಶ್ನೆ ಕೇಳಿರುತ್ತಿದ್ದರು... ಇವನು ಸುಮ್ಮನಿದ್ದ. ಆ ಮೌನ ಗುಬ್ಬಿಗೆ ತಂಪಾದ ನೀರಿನಂತೆ ಹಿತವಾಯಿತು.

"ದಾರ ಹಸಿರು. ಗುಂಡಿಯ ಕೆಳಗಿರುತ್ತೆ, ಯಾರಿಗೂ ಕಾಣಲ್ಲ," ಎಂದು ದಾರ ಕಡಿದಳು. "ನಂಗೆ ಗೊತ್ತಿರುತ್ತೆ."

ಅವಳು ಯಾಕೆ ಹಾಗೆಂದಳೋ ಅವನಿಗೆ ತಿಳಿಯಲಿಲ್ಲ. ಮೆಟ್ಟಿಲಿಳಿಯುವಾಗ ಮಾತ್ರ ಎರಡು ಸಲ ಆ ಗುಂಡಿ ಮುಟ್ಟಿ ನೋಡಿಕೊಂಡ.

ಗುಬ್ಬಿ ಎನ್ನುವುದು ಅಮ್ಮ ಇಟ್ಟ ಅಡ್ಡಹೆಸರು. ನಾಲ್ಕು ವರ್ಷವಾದರೂ ಮಾತು ಬಾರದ ಮಗುವನ್ನು ನೋಡಿ ಡಾಕ್ಟರು "ಆಟಿಸಂ" ಎಂದಿದ್ದರು. ಅಮ್ಮ ಆ ಪದವನ್ನು ಸೆರಗಿನ ಗಂಟಿನಂತೆ ಜೋಪಾನವಾಗಿ ಇಟ್ಟುಕೊಂಡು, ಮಗಳನ್ನು ಗುಂಡಿ, ದಾರ, ಜಿಪ್ಪು ಮಾರುವ ಈ ಅಂಗಡಿಯಲ್ಲೇ ಬೆಳೆಸಿದಳು. ಗುಬ್ಬಿಗೆ ಮುಖಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ನೀರಿನ ಮೇಲೆ ಬರೆದ ಹಾಗೆ ಅಳಿಸಿಹೋಗುತ್ತಿದ್ದವು.

"ಮುಖ ಮರೆತರೆ ಮರೀಲಿ ಬಿಡು ಮಗಳೇ," ಎನ್ನುತ್ತಿದ್ದಳು ಅಮ್ಮ. "ಗುಂಡಿ ನೋಡು. ಗುಂಡಿ ಸುಳ್ಳು ಹೇಳಲ್ಲ."

ಅಮ್ಮ ಹೋಗಿ ಎರಡು ವರ್ಷ. ಈಗ ಇರುವುದು ಅಕ್ಕ ಒಬ್ಬಳೇ. ಅವಳು ಒಳಕೋಣೆಯಲ್ಲಿ ಹೊಲಿಗೆ ಮಷೀನಿನ ಮುಂದೆ, ಗುಬ್ಬಿ ಹೊರಗೆ ಕೌಂಟರಿನಲ್ಲಿ.

ಗಿರಾಕಿಗಳು ರೇಗುತ್ತಾರೆಂದು ಅಕ್ಕ ಒಮ್ಮೆ ಬೋರ್ಡು ಬರೆಸಿ ಹಾಕಿದಳು. 'ನನ್ನ ತಂಗಿಗೆ ಆಟಿಸಂ ಇದೆ. ದಯವಿಟ್ಟು ಸ್ವಲ್ಪ ತಾಳ್ಮೆ ಇರಲಿ.' ಒಳ್ಳೆಯದಾಗಲಿ ಎಂದು ಮಾಡಿದ್ದು, ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು. ಜನ ಕಿವುಡರೊಂದಿಗೆ ಕಿರುಚುವಂತೆ ಕಿರುಚತೊಡಗಿದರು. ಗುಬ್ಬಿ ಅಳೆದುಕೊಟ್ಟ ಲೇಸನ್ನು ಅವಳ ಮುಂದೆಯೇ ಮತ್ತೆ ಅಳೆದರು. ಒಬ್ಬಳು ತಾಯಿ, "ಮುಟ್ಟಬೇಡ, ಬಾ ಈ ಕಡೆ" ಎಂದು ಮಗುವಿನ ಕೈ ಎಳೆದುಕೊಂಡಳು.

ಮಾರನೇ ದಿನ ಗುಬ್ಬಿಯೇ ಬೋರ್ಡು ತೆಗೆದಿಟ್ಟಳು.

ಇಂಥ ದಿನಗಳ ನಡುವೆ ಗುರುವಾರ ಮಾತ್ರ ಬೇರೆಯಾಗಿತ್ತು. ಮೂರು ಮುಕ್ಕಾಲಿಗೆ ಡ್ರೈವರ್ ಬರುತ್ತಿದ್ದ. ಒಂದು ವಾರ ಮೊದಲ ಗುಂಡಿ ಇಲ್ಲ, ಇನ್ನೊಂದು ವಾರ ಮೂರನೆಯದು, ಮತ್ತೊಂದು ವಾರ ತೋಳಿನದು. ಎರಡನೆಯದನ್ನು ಮಾತ್ರ ಅವನು ಎಂದೂ ಕಳೆದುಕೊಳ್ಳಲಿಲ್ಲ. ಗುಬ್ಬಿ ಮೊದಲು ಅದರ ಅಂಚನ್ನು ಬೆರಳಿನಿಂದ ತಿರುಗಿಸಿ ನೋಡುತ್ತಿದ್ದಳು. ಹಸಿರು ಕಂಡರೆ ಅವಳ ಹೆಗಲು ಸಡಿಲವಾಗುತ್ತಿತ್ತು.

ಏಳನೇ ಗುರುವಾರ ಅವಳು ಸೂಜಿ ಕೆಳಗಿಟ್ಟಳು.

"ದಾರ ಸವೆದಿಲ್ಲ. ಬ್ಲೇಡಲ್ಲಿ ಕತ್ತರಿಸಿದಾರೆ."

ಡ್ರೈವರನ ಕಿವಿ ಕೆಂಪಾಯಿತು. ಕಳ್ಳ ಸಿಕ್ಕಿಬಿದ್ದಿದ್ದ!

"ನಾನೇ ಕತ್ತರಿಸಿದ್ದು..."

"ಯಾಕೆ?"

"ಇಲ್ಲಿಗೆ ಬರೋಕೆ ಒಂದು ನೆಪ ಬೇಕಲ್ಲ."

ಗುಬ್ಬಿ ಬಾಗಿಲ ಕಡೆ ನೋಡಿದಳು. "ಬಾಗಿಲು ತೆರೆದೇ ಇರುತ್ತೆ. ಗುಂಡಿ ಕತ್ತರಿಸದೇನೂ ಬರಬಹುದು. ಅಂಗಿ ಪಾಪ."

ಒಳಕೋಣೆಯಲ್ಲಿ ಹೊಲಿಗೆ ಮಷೀನು ಗಕ್ಕನೆ ನಿಂತಿತು. ಅಕ್ಕ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕಿದ್ದಳು. ಅಮ್ಮ ಹೋದಮೇಲೆ ಆ ಮನೆಯಲ್ಲಿ ಅದೇ ಮೊದಲ ನಗು.

ಡ್ರೈವರ್ ಗಾಳಿಯಲ್ಲಿ ತೇಲುತ್ತಾ ಹೋದ. 'ನೆಪ ಇಲ್ಲದೆ ಬಾ ಅಂದಳು... ನನ್ನನ್ನ ಬಾ ಅಂದಳು!'

ರಜೆಯ ದಿನ, ಸೋಮವಾರ, ಅವನು ಹೊರಟ. ತಲೆಗೂದಲು ಕತ್ತರಿಸಿಕೊಂಡ. ಹನ್ನೆರಡು ವರ್ಷದ ಮೀಸೆ ಬೋಳಿಸಿದ. ಬಿಳಿಯ ಹೊಸ ಅಂಗಿ ತೊಟ್ಟ, ಒಂದು ಗುಂಡಿಯೂ ಬಿಡದಂತೆ ಹಾಕಿಕೊಂಡ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ.

ಅಂದು ಅಂಗಡಿಯ ಮುಂದೆ ಪೈಪಿಗಾಗಿ ರಸ್ತೆ ಒಡೆಯುತ್ತಿದ್ದರು. ಡ್ರಿಲ್ಲಿನ ಸದ್ದಿಗೆ ಗಾಜಿನ ಕೌಂಟರು ಗಡಗಡ ನಡುಗುತ್ತಿತ್ತು. ಬೆಳಗಿನಿಂದ ಗುಬ್ಬಿ ಎರಡೂ ಕಿವಿಗೆ ಹತ್ತಿ ತುರುಕಿ, ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದು ಹೇಗೋ ನಿಂತಿದ್ದಳು. ಎದುರಿಗೆ ಆ ಲೇಸಿನ ಹೆಂಗಸೂ ಜಿಪ್ಪಿಗೆಂದು ಬಂದಿದ್ದಳು.

ಬಿಳಿ ಅಂಗಿಯ ಗಂಡಸೊಬ್ಬ ಒಳಗೆ ಬಂದ. ಗುಬ್ಬಿ ಅವನ ಎರಡನೇ ಗುಂಡಿ ನೋಡಿದಳು. ಬಿಳಿ ಗುಂಡಿ, ಬಿಳಿ ದಾರ. ಅಪರಿಚಿತ.

"ಏನು ಬೇಕು?" ಎಂದಳು.

ಅವನು ನಕ್ಕ. "ಏನೂ ಬೇಡ. ಸುಮ್ನೆ ಬಂದೆ. ನೀವೇ ಹೇಳಿದ್ರಲ್ಲ!"

ಡ್ರಿಲ್ಲು ಆ ಮಾತನ್ನು ನುಂಗಿತು.

"ಏನೂ ಬೇಡದಿದ್ರೆ ಬಾಗಿಲಲ್ಲಿ ನಿಲ್ಲಬೇಡಿ. ಧೂಳು ಒಳಗೆ ಬರುತ್ತೆ."

ಅವನ ನಗು ಮುಖದಲ್ಲೇ ಒಣಗಿತು. ಲೇಸಿನ ಹೆಂಗಸು ಕಿಸಕ್ಕೆಂದಳು. "ಏನ್ರಿ ವಕೀಲರೇ, ನಿಮಗೂ ಆಯ್ತಾ ಮಂಗಳಾರತಿ?"

ಅವಮಾನ ಎನ್ನುವುದು ಒಳ್ಳೆಯವರನ್ನೂ ಒಂದು ಕ್ಷಣ ಕುರುಡು ಮಾಡುತ್ತದೆ. ಡ್ರಿಲ್ಲಿಗಿಂತ ಜೋರಾಗಿ ಅವನು ಕೂಗಿದ.

"ಮುಖ ನೋಡಿ ಮಾತಾಡೋಕೂ ಬರಲ್ವಾ ನಿಮಗೆ? ಬೇರೆ ಯಾರೂ ಇಲ್ವಾ ಈ ಅಂಗಡೀಲಿ?"

ಅಷ್ಟು ಮಾತ್ರ ಹತ್ತಿಯನ್ನು ದಾಟಿ ಒಳಗಿಳಿಯಿತು.

ಗುಬ್ಬಿ ಕೌಂಟರಿನ ಕೆಳಗೆ ಕುಸಿದು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕೂತುಬಿಟ್ಟಳು. ಅಕ್ಕ ಒಳಗಿನಿಂದ ಓಡಿ ಬರುವಷ್ಟರಲ್ಲಿ ಅವನು ಹೋಗಿಯಾಗಿತ್ತು. ಲೇಸಿನ ಹೆಂಗಸು ಮಾತ್ರ ಫೋನು ಎತ್ತಿ ಹಿಡಿದು ನಿಂತಿದ್ದಳು.

ಸಂಜೆಯೊಳಗೆ ಆ ವಿಡಿಯೋ ಏರಿಯಾದ ಗ್ರೂಪಿನಲ್ಲಿತ್ತು. 'ಗಿರಾಕಿಗಳನ್ನ ಓಡಿಸ್ತಾಳೆ.' 'ಇಂಥವರನ್ನ ಮನೇಲಿ ಇಟ್ಕೋಬೇಕು, ಅಂಗಡೀಲಲ್ಲ.' 'ಪಾಪ, ಆದ್ರೂ ನಾವ್ಯಾಕೆ ಸಹಿಸ್ಕೋಬೇಕು?' ಆ ಪಾಪ ಎಂದವರೇ ಮೊದಲು ಬರುವುದು ಬಿಟ್ಟರು.

ಒಂದು ವಾರ ಅಂಗಡಿಗೆ ನೊಣವೂ ಬರಲಿಲ್ಲ. ಕೊನೆಗೆ ಅಕ್ಕ ಕೌಂಟರಿನ ಹಿಂದೆ ಒಂದು ಪರದೆ ಕಟ್ಟಿದಳು.

"ಸ್ವಲ್ಪ ದಿನ ಒಳಗಿರು ಗುಬ್ಬಿ. ಊರ ಬಾಯಿಗೆ ಬೀಗ ಹಾಕೋಕಾಗಲ್ಲ. ಅಂಗಡಿ ಮುಚ್ಚಿದ್ರೆ ನಾವೇನು ತಿನ್ನೋದು?"

"ಸ್ವಲ್ಪ ದಿನ ಅಂದ್ರೆ ಎಷ್ಟು?"

ಅಕ್ಕ ಪರದೆಯ ಗಂಟನ್ನು ಇನ್ನೊಮ್ಮೆ ಬಿಗಿದಳು. ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಪರದೆಯ ಹಿಂದೆ ಗುಬ್ಬಿ ಗುಂಡಿ ವಿಂಗಡಿಸುತ್ತಾ ಕೂತಳು. ಹೊರಗೆ ಗಿರಾಕಿಗಳು ಒಬ್ಬೊಬ್ಬರೇ ಮರಳಿದರು. "ಈಗ ಸರಿಯಾಯ್ತು ನೋಡಿ, ನೆಮ್ಮದಿಯಾಗಿ ಕೊಳ್ಳಬಹುದು," ಎಂದರು. ಪರದೆಗೆ ಕಿವಿ ಕೇಳುವುದಿಲ್ಲ ಎಂದುಕೊಂಡಿರಬೇಕು.

ಆದರೂ ಗುರುವಾರ ಬಂದರೆ ಅವಳ ಕಣ್ಣು ಗಡಿಯಾರದ ಮೇಲಿರುತ್ತಿತ್ತು. ಮೂರು ಮುಕ್ಕಾಲಿಗೆ ಹಿಂದಿನ ಬಾಗಿಲಿನಿಂದ ಹೊರಟು, ಅಗೆದ ರಸ್ತೆ ದಾಟಿ, ಬಸ್ಸಿನ ಬಳಿ ಹೋಗುತ್ತಿದ್ದಳು. ಅಲ್ಲಿದ್ದ ಡ್ರೈವರನ ಅಂಗಿಯ ಎರಡನೇ ಗುಂಡಿ ತಿರುಗಿಸಿ ನೋಡುತ್ತಿದ್ದಳು. ನೀಲಿ ದಾರ... ಮರಳಿ ಬರುತ್ತಿದ್ದಳು.

'ಯಾಕೆ ಬರ್ತಿಲ್ಲ? ಗುಂಡಿ ಕತ್ತರಿಸಬೇಡಿ ಅಂದಿದ್ದು ತಪ್ಪಾಯ್ತಾ?'

ನಮ್ಮ ಹುಡುಗಿಗೆ ಒಂದು ವಿಷಯ ಗೊತ್ತಿರಲಿಲ್ಲ. ಅವಳು ಕಾಯುತ್ತಿದ್ದವನೂ, ಅವಳನ್ನು ಪರದೆಯ ಹಿಂದೆ ತಳ್ಳಿದ ಬಿಳಿ ಅಂಗಿಯವನೂ ಒಬ್ಬನೇ!

ಅವನು ಬೇಡಿಕೊಂಡು ಬೇರೆ ದಾರಿಯ ಬಸ್ಸು ಹಾಕಿಸಿಕೊಂಡಿದ್ದ. ಐದನೇ ವಾರ ಡಿಪೋದಲ್ಲಿ ಚಹಾ ಕುಡಿಯುವಾಗ ಅವನ ಹಳೆಯ ದಾರಿಗೆ ಬಂದಿದ್ದ ಡ್ರೈವರ್ ನಗುತ್ತಾ ಹೇಳಿದ.

"ಮಾರಾಯ, ನಿನ್ನ ರೂಟಲ್ಲಿ ಒಬ್ಬಳು ಹುಚ್ಚು ಹುಡುಗಿ ಇದಾಳೆ ಕಣೋ. ಪ್ರತಿ ಗುರುವಾರ ಬರ್ತಾಳೆ. ನನ್ನ ಮುಖದ ಕಡೆ ನೋಡೋದೂ ಇಲ್ಲ. ಎರಡನೇ ಗುಂಡಿ ತಿರುಗಿಸಿ ನೋಡ್ತಾಳೆ, ಹೋಗ್ತಾಳೆ!"

ಕೇಳುತ್ತಿದ್ದವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಇನ್ನೊಂದು ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಗುಂಡಿಯ ಕೆಳಗೆ, ಹಸಿರು.

'ನಂಗೆ ಗೊತ್ತಿರುತ್ತೆ' ಎಂದಿದ್ದಳಲ್ಲ... ಅವಳಿಗೆ ಗೊತ್ತಿದ್ದದ್ದು ಮುಖ ಅಲ್ಲ, ಈ ದಾರ ಒಂದೇ!

ಮುಂದಿನ ಗುರುವಾರ, ಗುಬ್ಬಿ ಹಿಂದಿನ ಬಾಗಿಲಿಗೆ ಹೊರಡುವ ಮೊದಲೇ, ಅವನು ಮೆಟ್ಟಿಲು ಹತ್ತಿದ. ಕೌಂಟರಿನಲ್ಲಿ ಅಕ್ಕ. ಅವಳ ಹಿಂದೆ ಪರದೆ.

"ಏನು ಬೇಕಿತ್ತು?"

ಅವನು ಪರದೆಯ ಕಡೆ ನೋಡಿದ. "ಬೇರೆ ಯಾರೂ... ಬೇರೆ ಯಾರೂ ಇಲ್ವಾ ಅಕ್ಕಾ ಅಂಗಡೀಲಿ?"

ಒಳಗೆ ಗುಬ್ಬಿಯ ಕೈಯಿಂದ ಗುಂಡಿಗಳು ಚೆಲ್ಲಿದವು. ಅದೇ ಮಾತು! ಆದರೆ... ಇವತ್ತು ಡ್ರಿಲ್ಲು ಇರಲಿಲ್ಲ. ಕಿವಿಯಲ್ಲಿ ಹತ್ತಿ ಇರಲಿಲ್ಲ. ಆ ಧ್ವನಿ ಅವಳಿಗೆ ಗೊತ್ತಿತ್ತು.

ಪರದೆ ಸರಿಯಿತು. ಅವಳು ನೇರ ಬಂದು ಎರಡನೇ ಗುಂಡಿ ತಿರುಗಿಸಿ ನೋಡಿದಳು.

"ಐದು ಗುರುವಾರ ಬರಲಿಲ್ಲ ನೀವು."

"ಬಂದಿದ್ದೆ. ಅದಕ್ಕೂ ಮೊದಲು ಒಂದು ಸೋಮವಾರ ಬಂದಿದ್ದೆ. ಬಿಳಿ ಅಂಗಿ. ಮೀಸೆ ಇರಲಿಲ್ಲ." ಅವನು ಅವಳ ಬೆರಳನ್ನೇ ನೋಡುತ್ತಾ ಹೇಳಿದ. "ಕೂಗಿದ್ದು... ನಾನೇ."

ಗುಬ್ಬಿಯ ಬೆರಳು ಗುಂಡಿಯಿಂದ ಜಾರಿತು.

ಅಕ್ಕ ಕೌಂಟರಿನ ಆಚೆ ಬಂದಳು. "ನೀವಾ? ಆವತ್ತಿಂದ ನನ್ನ ತಂಗಿ ಪರದೆ ಹಿಂದೆ ಇದಾಳೆ, ಗೊತ್ತಾ ನಿಮಗೆ? ಆವತ್ತು ಸಾಯಂಕಾಲದವರೆಗೂ ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ!"

"ಗೊತ್ತಿರಲಿಲ್ಲ ಅಕ್ಕಾ. ಹಾಗಂದ್ರೆ ತಪ್ಪು ಕಮ್ಮಿ ಆಗಲ್ಲ ಅಂತಾನೂ ಗೊತ್ತು."

ಗುಬ್ಬಿ ನೆಲ ನೋಡುತ್ತಾ ನಿಂತಿದ್ದಳು. "'ಬೇರೆ ಯಾರೂ ಇಲ್ವಾ' ಅಂತ ಎಲ್ಲರೂ ಹೇಳ್ತಾರೆ," ಎಂದಳು ನಿಧಾನವಾಗಿ. "ನೀವು ಹೇಳಲ್ಲ ಅಂದ್ಕೊಂಡಿದ್ದೆ. ನಂಗೆ ನೋವಾಗಿದೆ. ಇನ್ನೂ ಇದೆ."

ಅವನು ತಲೆ ತಗ್ಗಿಸಿದ. ಕಣ್ಣೀರು ನೆಲಕ್ಕೆ ಬಿತ್ತು.

"ಆವತ್ತು ಏನು ಹೇಳೋಕೆ ಬಂದಿದ್ರಿ?"

"ಈಗ ಯಾವ ಬಾಯಲ್ಲಿ ಹೇಳ್ಲಿ..."

"ಇರೋದು ಒಂದೇ ಬಾಯಿ. ಡ್ರಿಲ್ಲೂ ಇಲ್ಲ. ಹೇಳಿ."

"ನೀವಂದ್ರೆ ನಂಗೆ ಪ್ರಾಣ. ನಿಮ್ಮ ಜೊತೆ ಬದುಕಬೇಕು ಅಂತ ಹೇಳೋಕೆ ಬಂದಿದ್ದೆ."

ಅಷ್ಟರಲ್ಲಿ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಗುಬ್ಬಿಯನ್ನು ಕಂಡದ್ದೇ, "ಓ, ಇವಳು ಮತ್ತೆ ಹೊರಗೆ ಬಂದಳಾ?" ಎಂದು ಅಲ್ಲಿಂದಲೇ ತಿರುಗಿ ಹೋದಳು.

ಅಕ್ಕನ ಕೈ ಅಭ್ಯಾಸದಂತೆ ಪರದೆಯ ಕಡೆ ಚಾಚಿತು. ಗುಬ್ಬಿ ಆ ಕೈ ಹಿಡಿದುಕೊಂಡಳು.

"ಬೇಡ ಅಕ್ಕಾ. ಅವರು ಹೋಗ್ಲಿ. ನಾನು ಒಳಗೆ ಹೋಗಲ್ಲ."

"ಇನ್ನೂ ಜನ ಹೋಗ್ತಾರೆ ಗುಬ್ಬಿ..."

"ಗೊತ್ತು. ಬಾಗಿಲು ತೆರೆದೇ ಇರುತ್ತೆ."

ಅಕ್ಕ ತಂಗಿಯ ಕೈಯನ್ನು ಒಮ್ಮೆ ಒತ್ತಿ ಬಿಟ್ಟಳು. ಆಮೇಲೆ ಸ್ಟೂಲು ಹತ್ತಿ, ಪರದೆಯ ದಾರ ಬಿಚ್ಚತೊಡಗಿದಳು.

ಗುಬ್ಬಿ ಕೌಂಟರಿನ ಹಿಂದೆ, ತನ್ನ ಜಾಗದಲ್ಲಿ ನಿಂತು, ಹಸಿರು ದಾರದ ಉಂಡೆ ತೆಗೆದಿಟ್ಟಳು.

"ನಿಮ್ಮ ಹತ್ರ ಎಷ್ಟು ಅಂಗಿ ಇದಾವೆ?"

"ಯೂನಿಫಾರ್ಮ್ ಎರಡು. ಬೇರೆ ಐದು. ಯಾಕೆ?"

"ಎಲ್ಲಾ ತನ್ನಿ. ಎರಡನೇ ಗುಂಡಿ ನಾನೇ ಹಾಕ್ತೀನಿ. ಬಿಳಿದಕ್ಕೆ ಮೊದಲು." ಅವಳ ಧ್ವನಿ ಸಣ್ಣದಾಯಿತು. "ನಿಮ್ಮನ್ನ ಇನ್ನೊಂದು ಸಲ ಕಳ್ಕೊಳ್ಳೋಕೆ ನನ್ನಿಂದ ಆಗಲ್ಲ."

ಅವನು ಅಳುತ್ತಲೇ ನಕ್ಕ. "ಒಂದು ಟೀ ಶರ್ಟ್ ಇದೆ. ಅದಕ್ಕೆ ಗುಂಡೀನೇ ಇಲ್ಲ."

ಗುಬ್ಬಿ ಗಂಭೀರವಾಗಿ ಯೋಚಿಸಿದಳು.

"ಅದನ್ನ ಹಾಕ್ಕೊಂಡಾಗ ಹತ್ರ ಬಂದು 'ನಾನು' ಅಂತ ಹೇಳಿ. ಮೆತ್ತಗೆ."

ಅವನು ಕೌಂಟರಿನ ಮೇಲೆ ಬಾಗಿದ.

"ನಾನು," ಎಂದ, ಮೆತ್ತಗೆ.

"ಹೂಂ," ಎಂದಳು ಗುಬ್ಬಿ. "ಗೊತ್ತಾಯ್ತು."