ಗ್ರೀಸ್ ಹಚ್ಚಿದ ಎಂಟು ಬೋಲ್ಟು

ಭಾನುವಾರ ಮಧ್ಯಾಹ್ನ ಹಕೀಮನ ತಾಯಿ ಮೈಮೂನಾ ಬಂದಾಗ ಉದಯ ದಮಯಂತಿ ಟೀಚರ ಕ್ವಾರ್ಟರ್ಸಿನಲ್ಲಿ ಅವರ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. ಆಕೆ ಕಾಣಿಯೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಟೀಚರ್, ನಾಳೆ ಬಂದು ಹಕೀಮನ ಟಿ.ಸಿ. ತಗೊಂಡು ಹೋಗಿ ಅಂತ ಹೆಡ್ಮಾಸ್ಟ್ರ ಫೋನು. ಹತ್ತನೇ ಪರೀಕ್ಷೆಗೆ ಇನ್ನು ಎರಡು ತಿಂಗಳು. ಈಗ ಯಾವ ಶಾಲೆಯವರು ಸೇರಿಸ್ತಾರೆ? ನಾನು ಕದ್ದಿಲ್ಲ ಅಂತಾನೆ ಅವನು. ನೀವೊಮ್ಮೆ ನೋಡಿ. ಕದ್ದದ್ದು ಹೌದಾದ್ರೆ ನಾನೇ ಕರ್ಕೊಂಡು ಹೋಗ್ತೇನೆ.”

ದಮಯಂತಿ ಟೀಚರ್ ಗಣಿತ ಕಲಿಸುತ್ತಿದ್ದರು, ಹಾಸ್ಟೆಲಿನ ವಾರ್ಡನ್ನೂ ಅವರೇ. ಅರಂತೋಡಿನಿಂದ ಸ್ವಲ್ಪ ಒಳಗಿದ್ದ ಆ ಶಾಲೆಯಲ್ಲಿ ಏನೇ ಕಳೆದುಹೋದರೂ ಜನ ಮೊದಲು ಬರುತ್ತಿದ್ದದ್ದು ಅವರ ಬಾಗಿಲಿಗೆ. ಲ್ಯಾಬಿನ ತಾಮ್ರದ ತಂತಿ ಕದ್ದವನನ್ನೂ, ಪ್ರಶ್ನೆಪತ್ರಿಕೆ ಹೊರಗೆ ಹಾಕಿದವನನ್ನೂ ಹಿಡಿದುಕೊಟ್ಟವರು ಅವರು. ಲ್ಯಾಬ್ ಅಟೆಂಡರ್ ಉದಯ ಎರಡು ಸಲವೂ ಜೊತೆಗಿದ್ದ. ಅವನು ಹೇಳಿದ ಊಹೆ ಎರಡು ಸಲವೂ ತಪ್ಪಾಗಿತ್ತು.

ಕದ್ದ ವಸ್ತು ಏನೂ ದೊಡ್ಡದಲ್ಲ. ಶಾಲೆಯ ಡ್ರಮ್ ಸೆಟ್ಟಿನ ಸಣ್ಣ ಡ್ರಮ್ಮಿನ ಚರ್ಮ. ಚರ್ಮ ಎನ್ನುವುದು ಹಳೆಯ ರೂಢಿ ಮಾತ್ರ, ಅದು ಬರೀ ಪ್ಲಾಸ್ಟಿಕ್. ಮೂರು ವರ್ಷದ ಹಿಂದಿನವರೆಗೆ ಆ ಶಾಲೆಯ ಬ್ಯಾಂಡೆಂದರೆ ಆಗಸ್ಟ್ ಹದಿನೈದರ ಕವಾಯತು. ಹಾರ್ಡ್ ರಾಕ್ ತಂದವನು ಮೋಕ್ಷಿತ್, ಅರಂತೋಡಿನ ಪಂಚರ್ ಅಂಗಡಿ ಡೊಂಬಯ್ಯನ ಮಗ. ಕವಾಯತಿನ ಡ್ರಮ್ಮನ್ನು ಕುರ್ಚಿಯ ಮೇಲಿಟ್ಟು ಬಾರಿಸಲು ಶುರು ಮಾಡಿದವನು ಕೊನೆಗೆ ಪೂರ್ತಿ ಸೆಟ್ಟನ್ನೇ ಶಾಲೆಗೆ ತರಿಸಿದ. ಮಕ್ಕಳು ಯೂನಿಫಾರ್ಮಿನಲ್ಲಿ ನಿಂತು ಇಂಗ್ಲಿಷ್ ಹಾಡು ಕಿರಿಚುವಾಗ ಪಕ್ಕದ ಕೋಣೆಯ ಹಿಂದಿ ಮೇಷ್ಟ್ರು ಕಿಟಕಿ ಮುಚ್ಚುತ್ತಿದ್ದರು. ಕಳೆದ ಏಪ್ರಿಲಿನಲ್ಲಿ ಮೋಕ್ಷಿತ್ ಪಯಸ್ವಿನಿ ಹೊಳೆಯಲ್ಲಿ ಮುಳುಗಿ ಸತ್ತ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಡೊಂಬಯ್ಯ ಶಾಲೆಗೆ ಬಂದು, ಈ ಗದ್ದಲವೇ ಮಗನ ತಲೆ ಕೆಡಿಸಿದ್ದು ಎಂದು ಎಲ್ಲರೆದುರು ಬೈದು ಹೋಗಿದ್ದರು.

ಆಮೇಲೆ ಡ್ರಮ್ಮಿಗೆ ಕೂತವನು ಮೋಕ್ಷಿತನ ಗೆಳೆಯ ಹಕೀಮ್. ಡಿಸೆಂಬರಿನ ಪರೀಕ್ಷೆಯಲ್ಲಿ ಎರಡು ವಿಷಯ ಹೋಯಿತೆಂದು ಹೆಡ್ಮಾಸ್ಟರು ಅವನನ್ನು ತೆಗೆದು ಯಶಸ್ವಿ ಎಂಬ ಒಂಬತ್ತನೆಯ ಹುಡುಗಿಯನ್ನು ಕೂರಿಸಿದರು. ಶನಿವಾರ ಪುತ್ತೂರಿನಲ್ಲಿ ಶಾಲಾ ಬ್ಯಾಂಡುಗಳ ಸ್ಪರ್ಧೆ ಇತ್ತು. ಶುಕ್ರವಾರ ಬೆಳಿಗ್ಗೆ ನೋಡಿದರೆ ಚರ್ಮವಿಲ್ಲ. ಹಿಂದಿನ ದಿನವಷ್ಟೇ ಮಂಗಳೂರಿನಿಂದ ಬಂದಿದ್ದ ಹೊಸ ಚರ್ಮದ ಪ್ಯಾಕೆಟ್ ಒಡೆದರೆ ಅದು ಒಂದಿಂಚು ಸಣ್ಣದು. ಪುತ್ತೂರಿನ ಅಂಗಡಿಯಲ್ಲೂ ಸಿಗಲಿಲ್ಲ. ಶನಿವಾರ ಮಕ್ಕಳು ಗಿಟಾರುಗಳನ್ನು ತೊಡೆಯ ಮೇಲಿಟ್ಟುಕೊಂಡು ಉಳಿದ ಶಾಲೆಗಳ ಹಾಡು ಕೇಳಿ ವಾಪಸು ಬಂದರು. ಶುಕ್ರವಾರವೇ ಹಾಸ್ಟೆಲಿನಲ್ಲಿ ಹುಡುಕಿದಾಗ ಡ್ರಮ್ ಬಿಚ್ಚುವ ಕೀಲಿ ಹಕೀಮನ ಟ್ರಂಕಿನಲ್ಲಿ ಸಿಕ್ಕಿತ್ತು, ಹೆಡ್ಮಾಸ್ಟರು ಅಸೆಂಬ್ಲಿ ಸೇರಿಸಿ ಅವನನ್ನು ಕಳ್ಳ ಎಂದಿದ್ದರು.

“ನೀನೇನು ಹೇಳ್ತಿ ಉದಯ?” ಮೈಮೂನಾ ಮಗನನ್ನು ನೋಡಲು ಹೋದ ಮೇಲೆ ಟೀಚರ್ ಕೇಳಿದರು.

“ಹಕೀಮನೇ ಇರ್ಬೇಕು ಟೀಚರ್.”

“ಹಾಗಾದ್ರೆ ಅವ ಬಚಾವ್,” ಎಂದರು ಟೀಚರ್.

ಸೋಮವಾರ ಬೆಳಿಗ್ಗೆ ಇಬ್ಬರೂ ಸಂಗೀತದ ಕೋಣೆಗೆ ಹೋದರು. ಡ್ರಮ್ಮಿನ ಚರ್ಮವನ್ನು ಒತ್ತಿ ಹಿಡಿಯುವ ಕಬ್ಬಿಣದ ಬಳೆ ಇದ್ದಲ್ಲೇ ಇತ್ತು. ಎಂಟು ಬೋಲ್ಟುಗಳನ್ನೂ ಮರಳಿ ತಿರುಗಿಸಿ ಕೂರಿಸಲಾಗಿತ್ತು. ಟೀಚರ್ ಒಂದು ಬೋಲ್ಟು ಬಿಚ್ಚಿ ಬೆರಳಿಗೆ ಉಜ್ಜಿಕೊಂಡರು. ಬೆರಳು ಕಪ್ಪಾಯಿತು. ಚೌಕದ ತಲೆಯ ಮೂಲೆಗಳು ಹೊಸದಾಗಿ ತರಚಿ ಹೊಳೆಯುತ್ತಿದ್ದವು.

“ಗ್ರೀಸ್ ನೀನು ಹಚ್ಚಿದ್ದಾ?”

“ನನ್ನ ಹತ್ರ ಎಲ್ಲಿ ಉಂಟು ಗ್ರೀಸ್? ನಾನು ಎಲ್ಲದಕ್ಕೂ ತೆಂಗಿನೆಣ್ಣೆಯೇ.”

ಗುರುವಾರ ಸಂಜೆ ಏನೇನಾಯಿತೆಂದು ಟೀಚರ್ ಕೇಳಿದರು. ಉದಯ ನೆನಪಿಸಿಕೊಂಡು ಹೇಳಿದ. ನಾಲ್ಕಕ್ಕೆ ಪ್ರಾಕ್ಟೀಸ್ ಮುಗಿಯಿತು. ಹೊಸ ಚರ್ಮ ಬಂತು, ನಾಳೆ ಹಳೆಯದನ್ನು ಬಿಸಾಡುದು ಎಂದು ಕೂಗುತ್ತ ಮಕ್ಕಳು ಹೊರಟರು. ಅವನು ಕಸ ಗುಡಿಸಿದ. ಕೋಣೆಯ ಪಕ್ಕದ ಶೆಡ್ಡಿನಲ್ಲಿ ಪಂಚರ್ ಅಂಗಡಿಯವರು ಶಾಲೆಯ ವ್ಯಾನಿನ ಚಕ್ರ ಬಿಚ್ಚುತ್ತಿದ್ದರು, ಅವರಿಗೆ ಅಡುಗೆಮನೆಯಿಂದ ಚಾ ಮಾಡಿಸಿ ತಂದ. ಐದಕ್ಕೆ ಬೀಗ ಹಾಕಿದ.

ಟೀಚರ್ ಬೋಲ್ಟನ್ನು ಮತ್ತೆ ತಿರುಗಿಸಿ ಕೂರಿಸಿದರು. ಆಮೇಲೆ, “ಬಾ, ಅರಂತೋಡಿಗೆ ಹೋಗಿ ಬರುವ,” ಎಂದರು.

ಬಸ್ಸಿಳಿದು ಅವರು ಡೊಂಬಯ್ಯನ ಅಂಗಡಿಗೆ ಹೋಗಲಿಲ್ಲ. ರಸ್ತೆಯ ಈಚೆ ನಿಂತು, ಡೊಂಬಯ್ಯ ಒಂದು ಜೀಪಿನ ಚಕ್ರ ಬಿಚ್ಚುವುದನ್ನು ನೋಡಿದರು. ಡೊಂಬಯ್ಯ ಮೇಲಿನ ನಟ್ಟನ್ನು ಅರ್ಧ ಸಡಿಲಿಸಿ, ಅದರ ಎದುರಿನ ಕೆಳಗಿನದಕ್ಕೆ ಹೋದರು. ಆಮೇಲೆ ಎಡದ್ದು, ಅದರ ಎದುರಿನದ್ದು. ಚಕ್ರ ಕಳಚಿದ ಮೇಲೆ ಒಂದೊಂದು ನಟ್ಟನ್ನೂ ಬಟ್ಟೆಯಲ್ಲಿ ಒರೆಸಿ ಡಬ್ಬಿಯ ಕಪ್ಪು ಗ್ರೀಸಿಗೆ ಅದ್ದಿ ಇಟ್ಟರು. ಟೀಚರ್ ರಸ್ತೆ ದಾಟಿ ಹೋಗಿ ಡೊಂಬಯ್ಯನ ಹತ್ತಿರ ಎರಡು ಮಾತಾಡಿ ಬಂದರು.

ಮೂರು ಗಂಟೆಗೆ ಸಂಗೀತದ ಕೋಣೆಯಲ್ಲಿ ಹೆಡ್ಮಾಸ್ಟರು, ಯಶಸ್ವಿ, ಹಕೀಮ್, ಮೈಮೂನಾ ಸೇರಿದರು. ಡೊಂಬಯ್ಯ ಕೈಯಲ್ಲೊಂದು ಸಿಮೆಂಟಿನ ಚೀಲ ಮಡಚಿ ಹಿಡಿದು ಬಾಗಿಲ ಬಳಿಯೇ ನಿಂತರು. ಟಿ.ಸಿ. ಹೆಡ್ಮಾಸ್ಟರ ಜೇಬಿನಲ್ಲಿತ್ತು.

“ಸರ್, ಹಕೀಮನೇ ಅಂತ ನಿಮಗೆ ಯಾಕೆ ಅನಿಸಿತು?” ಟೀಚರ್ ಕೇಳಿದರು.

ಹೆಡ್ಮಾಸ್ಟರು ಬೆರಳು ಮಡಚಿ ಹೇಳಿದರು. ಅವನಿಗೆ ಹೊಟ್ಟೆಕಿಚ್ಚಿತ್ತು. ಕೀಲಿ ಅವನಲ್ಲಿತ್ತು. ಗೊತ್ತಿಲ್ಲದವರು ಒಂದೇ ಕಡೆಯಿಂದ ಸಡಿಲಿಸಿದರೆ ಬಳೆ ಸೊಟ್ಟಗಾಗುತ್ತದೆ, ಇಲ್ಲಿ ಆಗಿಲ್ಲ. ಆದ್ದರಿಂದ ಬಿಚ್ಚಿದ್ದು ಡ್ರಮ್ ಗೊತ್ತಿದ್ದವರೇ.

“ಕೀಲಿ ಇದ್ದವನು ಸ್ಪ್ಯಾನರ್ ಯಾಕೆ ಹಿಡೀತಾನೆ ಸರ್? ಬೋಲ್ಟಿನ ಮೂಲೆ ನೋಡಿ, ತರಚಿ ಹೋಗಿದೆ. ಕೀಲಿಯಲ್ಲಿ ತಿರುಗಿಸಿದ್ರೆ ಗೀರೂ ಬೀಳುದಿಲ್ಲ. ಟ್ರಂಕಿನಲ್ಲಿ ಕೀಲಿ ಸಿಕ್ಕಿದ್ದೇ ಇವನು ಕಳ್ಳ ಅಲ್ಲ ಅನ್ನುದಕ್ಕೆ ಸಾಕ್ಷಿ.”

“ಬೇಕಂತಲೇ ದಾರಿ ತಪ್ಪಿಸಲಿಕ್ಕೆ ಮಾಡಿರಬಹುದು.”

“ದಾರಿ ತಪ್ಪಿಸುವವ ಗ್ರೀಸ್ ಹಚ್ಚುದಿಲ್ಲ. ತುಕ್ಕು ಕಂಡ್ರೆ ಕೈ ಸುಮ್ಮನಿರದವರು ಹಚ್ಚುದು. ಎದುರುಬದುರು ಸಡಿಲಿಸುದು ಡ್ರಮ್ಮಿನವರಿಗೆ ಮಾತ್ರ ಗೊತ್ತಿರುದಲ್ಲ, ಚಕ್ರ ಬಿಚ್ಚುವವರಿಗೂ ಗೊತ್ತುಂಟು. ಗುರುವಾರ ವ್ಯಾನಿನ ಚಕ್ರ ಈ ಗೋಡೆಯ ಆಚೆ ಬಿಚ್ಚಿದ್ರು. ಉದಯ ಚಾ ತರಲಿಕ್ಕೆ ಹೋದಾಗ ಕೋಣೆ ಕಾಲು ಗಂಟೆ ತೆರೆದೇ ಇತ್ತು. ಹಾಳು ಮಾಡಲಿಕ್ಕೆ ಬಂದವರಾದ್ರೆ ಚರ್ಮ ಹರಿದು ಹೋಗ್ತಿದ್ರು. ಅವರಿಗೆ ಚರ್ಮವೇ ಬೇಕಿತ್ತು, ಗಾಯ ಆಗದ ಹಾಗೆ.”

ಯಾರೂ ತಿರುಗಿ ನೋಡುವ ಮೊದಲೇ ಡೊಂಬಯ್ಯ ಚೀಲ ಬಿಡಿಸಿ ಚರ್ಮವನ್ನು ಹೊರಗೆ ತೆಗೆದಿದ್ದರು.

ಅವರು ಹೇಳಿದ್ದು ಸ್ವಲ್ಪವೇ. ಮೋಕ್ಷಿತ್ ಬದುಕಿದ್ದಾಗ, ಮಾರ್ಕು ಕಡಿಮೆಯಾಯಿತೆಂದು ಅವನ ಡ್ರಮ್ಮಿನ ಕೋಲುಗಳನ್ನು ಒಲೆಗೆ ಹಾಕಿದ್ದರು. ಫೋನು ಹೊಳೆಯಲ್ಲೇ ಹೋಯಿತು. ಮನೆಯಲ್ಲಿ ಮಗನ ಕೈ ತಾಗಿದ್ದೆಂದು ಒಂದು ವಸ್ತು ಇರಲಿಲ್ಲ. ಹಳೆಯ ಚರ್ಮ ಬಿಸಾಡುತ್ತಾರೆಂದು ಕೇಳಿದ ಮೇಲೆ ಕೈಗಳು ಚಕ್ರದ ಕೆಲಸದಲ್ಲಿ ನಿಲ್ಲಲಿಲ್ಲ.

“ಕೇಳಿದ್ರೆ ಕೊಡ್ತಿದ್ರಲ್ಲ ಮಾರಾಯ್ರೆ,” ಎಂದರು ಹೆಡ್ಮಾಸ್ಟರು.

“ಅಷ್ಟು ಬೈದು ಹೋದವ ನಾನು. ಯಾವ ಮುಖದಲ್ಲಿ ಕೇಳುದು? ಹೊಸದು ಬಂದಿದೆ ಅಂದ್ರು, ಯಾರಿಗೂ ತೊಂದರೆ ಇಲ್ಲ ಅಂದ್ಕೊಂಡೆ. ಈ ಹುಡುಗನ ಮೇಲೆ ಬಂದದ್ದು ಗೊತ್ತಿರಲಿಲ್ಲ. ಬೆಳಿಗ್ಗೆ ಟೀಚರ್ ಹೇಳಿಯೇ ಗೊತ್ತಾದ್ದು.”

ಹೆಡ್ಮಾಸ್ಟರು ಟಿ.ಸಿ.ಯನ್ನು ಎರಡು ತುಂಡು ಮಾಡಿ, ಹೋಗು, ಕ್ಲಾಸಿಗೆ ಹೋಗು ಎಂದು ಹಕೀಮನಿಗೆ ಹೇಳಿದರು. ಮೈಮೂನಾ ಮಗನ ತೋಳು ಹಿಡಿದು ನಿಲ್ಲಿಸಿದಳು.

“ಕಳ್ಳ ಅಂದದ್ದು ಅಸೆಂಬ್ಲಿಯಲ್ಲಿ ಅಲ್ವಾ ಸರ್? ಅಲ್ಲ ಅನ್ನುದೂ ಅಲ್ಲಿಯೇ ಆಗಲಿ.”

ಹೆಡ್ಮಾಸ್ಟರು ತಲೆಯಾಡಿಸಿದರು.

ಡೊಂಬಯ್ಯ ಚರ್ಮವನ್ನು ಹಕೀಮನ ಮುಂದೆ ಹಿಡಿದರು. ನಡುವಿನಿಂದ ಸ್ವಲ್ಪ ಈಚೆಗೆ, ಅಂಗೈಯಗಲ ಬಣ್ಣ ಸವೆದು ಬಿಳುಪಾಗಿತ್ತು. “ಇಲ್ಲಿ ನೋಡು. ಇದಿಷ್ಟು ಅವನು ಹೊಡೆದದ್ದು. ನೀನು ಅವನ ಪಕ್ಕದಲ್ಲೇ ಇದ್ದವ. ಹೌದಲ್ವಾ?”

ಮೋಕ್ಷಿತ್ ಬಾರಿಸಿದ ಚರ್ಮ ಜುಲೈಯಲ್ಲೇ ಒಡೆದಿತ್ತು. ಒಡೆದ ಬಕೆಟ್ಟುಗಳ ಜೊತೆ ಅದನ್ನು ಗುಜರಿ ರಿಕ್ಷಾಕ್ಕೆ ಹಾಕಿದವನು ಉದಯನೇ. ಇದು ಆಮೇಲೆ ಹಾಕಿದ್ದು. ಈ ಸವೆತವೆಲ್ಲ ಹಕೀಮನ ಕೈಯದ್ದು, ಅದು ಹಕೀಮನಿಗೂ ಗೊತ್ತು.

ಹಕೀಮ್ ಆ ಬಿಳಿ ಜಾಗವನ್ನು ತುಂಬ ಹೊತ್ತು ನೋಡಿದ. ಶುಕ್ರವಾರದಿಂದ ಅವನು ಹೇಳಿದ ನಿಜವನ್ನು ಆ ಶಾಲೆಯಲ್ಲಿ ಯಾರೂ ನಂಬಿರಲಿಲ್ಲ.

“ಹೌದು ಅಂಕಲ್,” ಎಂದ. “ಅವನದ್ದೇ.”

ಈ ಸಲ ಹೆಡ್ಮಾಸ್ಟರೂ ನಂಬಿದರು. ಟೀಚರ್ ಉದಯನ ಕಡೆ ಒಮ್ಮೆ ನೋಡಿದರು, ಅವರಿಗೆ ಗೊತ್ತಿತ್ತೋ ಏನೋ. ಉದಯ ಬಗ್ಗಿ ಹರಿದ ಟಿ.ಸಿ.ಯ ತುಂಡುಗಳನ್ನು ಹೆಕ್ಕತೊಡಗಿದ. ಡೊಂಬಯ್ಯ ಚರ್ಮವನ್ನು ಅಂಗಿಯ ಒಳಗೆ, ಎದೆಗೆ ಒತ್ತಿ ಇಟ್ಟುಕೊಂಡು, ಮೇಲಿಂದ ಗುಂಡಿ ಹಾಕಿಕೊಂಡರು.