ಮುದ್ದಯ್ಯ ಒಬ್ಬನೋ ಇಬ್ಬರೋ?

ಹಾರೆಯ ಚೂಪು ತುದಿ ನನ್ನ ಫೋನಿನ ಸ್ಕ್ರೀನಿನಿಂದ ಎರಡೇ ಇಂಚು ಮೇಲೆ ನಿಂತಿತ್ತು.

ನನ್ನ ಎದೆಯ ಮೇಲೆ ಇಟ್ಟಿದ್ದರೂ ಇಷ್ಟು ಹೆದರುತ್ತಿರಲಿಲ್ಲ!

“ಬೇರೆ ಮಾಡಮ್ಮಿ! ಈಗ್ಲೇ ಬೇರೆ ಮಾಡು! ಇಲ್ಲಾಂದ್ರೆ ನಿನ್ ಫೋನು ಪುಡಿಪುಡಿ ಕಣಮ್ಮಿ!”

ಹಾರೆ ಹಿಡಿದವನು ಯತೀಶ. ಮದ್ದೂರಿನ ಅವರ ಮನೆ ಮುಂದೆ ತಂಗಿ ರಂಜಿತಳ ಮದುವೆಗೆ ಚಪ್ಪರದ ಗುಂಡಿ ತೋಡುತ್ತಿದ್ದ. ಮುಹೂರ್ತ ನಾಳೆ ಬೆಳಗ್ಗೆ.

ನಾನು ಚಿತ್ರಾ. ಮಂಡ್ಯದಲ್ಲಿ ಬಿ.ಎಸ್ಸಿ. ಸೆಕೆಂಡ್ ಇಯರ್. ಪಾರ್ಟ್‌ಟೈಮ್ ಕೆಲಸ... ಆನ್‌ಲೈನ್ ವಂಶವೃಕ್ಷಗಳಲ್ಲಿ ಎರಡೆರಡು ಸಲ ನುಸುಳಿಕೊಂಡ ಹಿರೀಕರನ್ನು ಹಿಡಿದು ಒಂದು ಮಾಡುವುದು. ನಗಬೇಡಿ. ಡೇಂಜರ್ ಫೀಲ್ಡ್!

ಬೆಳಗ್ಗೆ ಈ ಮದುವೆಮನೆಯಲ್ಲೇ ತಿಂಡಿ ತಿನ್ನುತ್ತಾ ಒಂದು ಮರ್ಜ್ ಒತ್ತಿದ್ದೆ. ಯತೀಶನ ಮುತ್ತಾತ ಮುದ್ದಯ್ಯ. ಮಳವಳ್ಳಿಯ ಇನ್ನೊಂದು ಮನೆಯ ಮರದಲ್ಲೂ ಒಬ್ಬ ಮುದ್ದಯ್ಯ. ಅದೇ ಹುಟ್ಟಿದ ವರ್ಷ. ಅದೇ ಮನೆದೇವರು.

ಟಕ್! ಇಬ್ಬರು ಒಬ್ಬರಾದರು.

ಹತ್ತೇ ನಿಮಿಷ... ಮಳವಳ್ಳಿ ಮುದ್ದಯ್ಯನ ಮಗ ದೊಡ್ಡಸಿದ್ದಯ್ಯ ತೀರಿಕೊಂಡ. ಆ್ಯಪ್ ಸುಮ್ಮನಿರುತ್ತದಾ? ಮದ್ದೂರಿನ ನಲವತ್ತಮೂರು ಫೋನಿಗೆ ಮೆಸೇಜು: ‘ನಿಮ್ಮ ಕುಟುಂಬದಲ್ಲಿ ಒಂದು ಸಾವು.’

ಅದರಲ್ಲೊಂದು, ಮೊನ್ನೆಯಷ್ಟೇ ಬೀಗರೆಂದು ಮರಕ್ಕೆ ಸೇರಿಸಿದ್ದ ಗಂಡಿನ ಅಪ್ಪನ ಫೋನು!

ದಾಯಾದಿ ಸತ್ತರೆ ಹನ್ನೊಂದು ದಿನ ಸೂತಕ. ಸೂತಕದ ಮನೆಯಲ್ಲಿ ಮದುವೆಯೇ?

“ಅಕ್ಕಾ, ನಾಳೆ ತಪ್ಪೋದ್ರೆ ಆಸಾಡ ಬಂದ್ಬುಡ್ತದೆ!” ಅರಿಶಿನ ಮೆತ್ತಿದ ಮುಖದಲ್ಲೇ ರಂಜಿತ ಅಳುತ್ತಿದ್ದಳು. “ಅವ್ರು ಬೇರೆ ಹೆಣ್ಣು ನೋಡ್ತಾರಂತೆ!”

ಬೇರೆ ಮಾಡಬೇಕಾದರೆ ಆ ಕಡೆಯ ಮರ ನೋಡಿಕೊಳ್ಳುವವರೂ ಒಪ್ಪಿಗೆ ಒತ್ತಬೇಕು. ಅದು ಜವರಯ್ಯ. ಸತ್ತವನ ತಮ್ಮ. ಫೋನ್ ಎತ್ತುತ್ತಿಲ್ಲ!

“ಹತ್ಲಾ ಯತೀಶ!”

ಸ್ಕೂಟಿ ಮಳವಳ್ಳಿ ರೋಡಿಗೆ ಹಾರಿತು. ಹಾರೆ ಸಮೇತ! ಹಿಂದೆ, ಸೂತಕ ಹೌದೋ ಅಲ್ಲವೋ ನೋಡೇಬಿಡೋಣ ಅಂತ ಗಂಡಿನ ಕಡೆಯ ಟೆಂಪೋ... ಹಾರ್ನ್ ಮೇಲೆ ಹಾರ್ನ್! ಮುಂದೆ ಕಬ್ಬಿನ ಟ್ರ್ಯಾಕ್ಟರ್. ಎಡಕ್ಕೆ ನುಗ್ಗಿದೆ. ನಾಲೆ ಏರಿ. ಗದ್ದೆ ಬದು. ಟೆಂಪೋ ಕೆಸರಿಗೆ ಇಳಿಯಿತು!

ಮಳವಳ್ಳಿ.

ತಮಟೆ. ಚಟ್ಟ ರೆಡಿ. ಯತೀಶನನ್ನು ಕಂಡವನೇ ಜವರಯ್ಯ ತಬ್ಬಿಕೊಂಡ.

“ಬಂದ್ಯಾ ಮಗ! ನಮ್ ವಂಸದ ಕುಡಿ! ಈಗ ಫೋನಲ್ಲಿ ನೋಡ್ದೆ ಕಣಪ್ಪ ನಿನ್ ಮಕಾನ. ಬಾ, ಹೆಗ್ಲು ಕೊಡು!”

ಚಟ್ಟದ ಬಿದಿರು ಯತೀಶನ ಹೆಗಲ ಹತ್ತಿರ ಬಂದೇಬಿಟ್ಟಿತು. ತಾಗಿದರೆ ರಂಜಿತಳ ಮದುವೆ ಖಲಾಸ್!

“ತಾತಾ, ನಿಲ್ಸಿ!” ಕಿರುಚಿದೆ. “ಪಿತೃಪಕ್ಷದಲ್ಲಿ ನಿಮ್ಮಪ್ಪ ಮುದ್ದಯ್ಯಂಗೆ ಎಡೆಗೆ ಏನಿಡ್ತೀರಿ?”

ತಮಟೆ ನಿಂತಿತು.

“ಎಡೆಗಾ? ಕಡ್ಲೆಪುರಿ, ಬೆಲ್ಲ, ಬಾಳೆಹಣ್ಣು. ನಮ್ಮಪ್ಪ ಸಂಕ ಜಾಗಟೆ ಹಿಡ್ದ ದಾಸಯ್ಯ ಕಣಮ್ಮಿ. ಬಾಡಿನ ವಾಸ್ನೆ ಬಂದ್ರೆ ವಾಂತಿ ಮಾಡ್ಕಳೋನು.”

ಸ್ಪೀಕರ್ ಆನ್ ಮಾಡಿ ಮದ್ದೂರಿಗೆ ಕಾಲ್ ಹಾಕಿದೆ. ಯತೀಶನ ಅಜ್ಜಿ ಮಂಗಳಮ್ಮ ಸಿಕ್ಕರು.

“ಅಜ್ಜೀ, ನಿಮ್ಮಾವ ಮುದ್ದಯ್ಯಂಗೆ ಎಡೆ ಏನು?”

“ತಲೆ ಮಾಂಸ, ಒಂದು ಕ್ವಾಟ್ರು, ಎಲ್ಡು ಕಟ್ಟು ಬೀಡಿ! ಒಂದು ಕಮ್ಮಿಯಾದ್ರೂ ಕನಸಿಗೆ ಬಂದು ಉಗೀತಾನೆ, ಮುದಿಯ!”

ಜವರಯ್ಯ ಕಿವಿ ಮುಚ್ಚಿಕೊಂಡ.

“ಗೋವಿಂದಾ ಗೋವಿಂದ! ಅಂತೋನು ನಮ್ಮಪ್ಪ ಅಲ್ಲ, ಬುಡು!”

ಒಪ್ಪಿಗೆ ಒತ್ತಿದ. ನನ್ನ ಸ್ಕ್ರೀನಿಗೆ ಕೊನೆಯ ಪ್ರಶ್ನೆ ಬಂತು. ‘ಇವರು ಬೇರೆ ಬೇರೆ ವ್ಯಕ್ತಿಗಳೇ?’

ಬೆರಳು ಎತ್ತಿದೆ...

“ಏನ್ ಮಡಿ ಅಂತೀಯಮ್ಮಿ ನಮ್ಮಪ್ಪಂದು!” ಜವರಯ್ಯ ಕಣ್ಣೊರೆಸಿಕೊಂಡ. “ಸೋಮ್ವಾರ ಗಾಡಿ ಕಟ್ಕೊಂಡು ಮದ್ದೂರ್ಗೆ ಹೋದ್ರೆ ಸುಕ್ರವಾರ್ವೇ ಬರೋನು. ಬಂದೋನೇ ಕೆರೇಲಿ ಒಂದ್ ಗಂಟೆ ಬಾಯಿ ಮುಕ್ಕಳ್ಸೋನು!”

ಬೆರಳು ಗಾಳಿಯಲ್ಲೇ ನಿಂತಿತು.

ಯತೀಶನನ್ನು ನೋಡಿದೆ. ಪುಣ್ಯಾತ್ಮನಿಗೆ ಏನೂ ಹೊಳೆದಿರಲಿಲ್ಲ. ಫೋನಿನ ಆ ತುದಿಯಲ್ಲಿ ರಂಜಿತ ಬಿಕ್ಕುವುದು ಕೇಳುತ್ತಿತ್ತು.

‘ಹೌದು’ ಒತ್ತಿದೆ.

ಹಾಡುಹಗಲು, ನೂರು ಜನರ ಮುಂದೆ, ಒಬ್ಬ ಮನುಷ್ಯನನ್ನು ಎರಡು ತುಂಡು ಮಾಡಿದೆ. ಪೊಲೀಸರು ಬರಲಿಲ್ಲ... ಬೀಗರೂಟಕ್ಕೆ ಕರೆ ಬಂತು. ಹೋಗಿ, ತಲೆ ತಗ್ಗಿಸಿಕೊಂಡು ತಿಂದು ಬಂದೆ!