ಏಳು ಗಂಟಿನ ಹುರಿ

"ಬಿಚ್ಚಬೇಡಮ್ಮ, ನನ್ ಮಾತು ಕೇಳು," ಎಂದರು ಜಯತೀರ್ಥ. ಸಿಂಗಪುರದ ಉಬಿಯಲ್ಲಿದ್ದ ಅವರ ಹಳೆಸಾಮಾನಿನ ಅಂಗಡಿಯ ತುಂಬ ತುಕ್ಕಿನ ವಾಸನೆ. ಅವರ ಅಂಗೈ ಮೇಲೆ ಏಳು ಗಂಟುಗಳ ಕಪ್ಪು ಹುರಿ.

ಪೂರ್ವ ಆಫ್ರಿಕಾದಲ್ಲಿ ಗ್ರೀವ್ಸ್ ಎಂಬ ರಸ್ತೆ ಕಾಮಗಾರಿಯ ಬಿಳಿಯ ಮೇಲ್ವಿಚಾರಕ ಒಂದೇ ಬೆಳಿಗ್ಗೆ ಏಳು ಕೂಲಿಗಳನ್ನು ಗುಂಡಿಕ್ಕಿ ಕೊಂದಿದ್ದ. ಯಾಕೆಂದು ಕೋರ್ಟಿನಲ್ಲೂ ಬಾಯಿಬಿಡಲಿಲ್ಲ. ಸತ್ತವನೊಬ್ಬನ ತಾಯಿ ಮಂತ್ರ ಹಾಕಿ ಗ್ರೀವ್ಸನ ಮಾತನ್ನು ಈ ಹುರಿಯಲ್ಲಿ ಕಟ್ಟಿದ್ದಳಂತೆ. ಅಲ್ಲಿ ಗುಮಾಸ್ತರಾಗಿದ್ದ ಜಯತೀರ್ಥರ ಅಜ್ಜ ಅದನ್ನು ತಂದಿದ್ದರು.

"ಬಿಚ್ಚಿದ್ರೆ ಹತ್ರ ಇರೋರ ಬಾಯಲ್ಲಿ ಮಾತಾಡ್ತಾನೆ."

"ಹರಕೆ ಗಂಟಿನ ಥರ ಅಲ್ವಾ ಅಂಕಲ್? ಕೆಲಸ ಆದ್ಮೇಲೆ ಬಿಚ್ಚಲೇಬೇಕು," ಆಶ್ರಿತಾ ನಕ್ಕಳು. "ಅವನನ್ನ ಗಲ್ಲಿಗೇರಿಸಿ ನೂರು ವರ್ಷ ಆಯ್ತು. ಅವನ ಮೇಲಿನ ನನ್ ಥೀಸಿಸ್ ಮಾತ್ರ ಮುಗೀತಿಲ್ಲ."

"ತಮಾಷೆ ಬೇಡ. ಫೋಟೋ ತೆಗೆದು ವಾಪಸ್ ಕೊಡು."

ಅವಳು ಸಿಂಗಪುರಕ್ಕೆ ಬಂದು ಎರಡು ತಿಂಗಳಾಗಿತ್ತು. ಬೆಡೋಕಿನ ಮನೆಯಲ್ಲಿ ಅವಳೊಂದಿಗಿದ್ದದ್ದು ಅಮ್ಮ ವೇದಾವತಿ ಮಾತ್ರ. ಲಕ್ವ ಹೊಡೆದು ಎರಡು ವರ್ಷವಾದರೂ ಅಮ್ಮನ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಆ ದನಿ ಒಮ್ಮೆ ಕೇಳಿದರೆ ಸಾಕೆಂದು ಆಶ್ರಿತಾ ದಿನವೂ ಅಮ್ಮನೆದುರು ಕೂತು ಮಾತಾಡಿಸುತ್ತಿದ್ದಳು.

ಹುರಿ ತಂದ ದಿನ ಮಧ್ಯಾಹ್ನವೇ ಮೋಡ ಕವಿದು ಮನೆ ಕತ್ತಲಾಯಿತು. ಹಾಸಿಗೆಯ ಪಕ್ಕ ಕೂತು ಅಮ್ಮನಿಗೆ ಪರಂಗಿ ಹಣ್ಣು ಹೆಚ್ಚಿಟ್ಟು, ಅವಳು ಹುರಿಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ನಗುತ್ತಲೇ ಕೇಳಿದಳು: "ಯಾಕೆ ಕೊಂದೆ?"

ಕೋವಿ ಮದ್ದಿನ ಘಾಟು ಮೂಗಿಗೆ ಬಡಿಯಿತು.

ಅಮ್ಮನ ತುಟಿ ಅಲುಗಿತು. ಹೊರಟದ್ದು ಗಂಡು ದನಿ.

"ಹೇಳಲಾ? ತೋರಿಸಲಾ?"

ಎರಡು ವರ್ಷ ಜೋತುಬಿದ್ದಿದ್ದ ಬಲಗೈ ಎದ್ದಿತು. ಹಣ್ಣಿನ ಚಾಕು ಹಿಡಿಯಿತು. ಅಮ್ಮನ ಕೊರಳಿನತ್ತಲೇ ಹೊರಳಿತು. ಆಶ್ರಿತಾ ಆ ಕೈಯನ್ನು ಮೊಣಕಾಲಿನಿಂದ ಒತ್ತಿ ಹಿಡಿದಳು. ಹುರಿಗೆ ಮತ್ತೆ ಗಂಟು ಹಾಕತೊಡಗಿದಳು. ಒಂದು ಗಂಟು. ಎರಡು. ಚಾಕು ಚರ್ಮಕ್ಕೆ ತಾಗಿತು. ನಾಲ್ಕು. ಗಂಡು ದನಿ ಸಣ್ಣದಾಯಿತು. ಆರು.

"ಆಶೂ..."

ಅಮ್ಮನ ದನಿ. ಅಮ್ಮನದೇ.

"ಊಟ ಆಯ್ತಾ ಪುಟ್ಟಾ?"

ಅವಳ ಕೈ ನಿಂತಿತು. ಎಷ್ಟೊಂದು ಹೇಳುವುದಿತ್ತು. ಚಾಕುವಿನ ತುದಿಯಲ್ಲಿ ರಕ್ತ ಹನಿಗಟ್ಟಿತು.

"ಆಯ್ತಮ್ಮ," ಎಂದು ಸುಳ್ಳು ಹೇಳಿ ಕಣ್ಣು ಮುಚ್ಚಿ ಏಳನೆಯ ಗಂಟು ಬಿಗಿದಳು.

ಚಾಕು ನೆಲಕ್ಕೆ ಬಿತ್ತು. ಅಮ್ಮನ ತುಟಿಗಳು ಹೊಲಿದಂತೆ ಕೂಡಿಕೊಂಡವು. ಸಂಜೆ ಆಶ್ರಿತಾ ಗಂಜಿಯ ಚಮಚ ಹಿಡಿದು, "ಒಂದೇ ಒಂದು ತುತ್ತು ಅಮ್ಮಾ," ಎಂದು ಬೇಡಿಕೊಂಡಳು. ಆ ತುಟಿಗಳು ತುತ್ತಿಗೂ ತೆರೆಯಲಿಲ್ಲ.